ಓಪನ್ ಹಾರ್ಟ್ ಆದಮ್ಯಾಲ ಕೂಸಿಗಿ 'ಹಾರ್ಟ್ ಬ್ಲಾಕ್' ಅಂತಾರ. ಹತ್ತು ದಿನ ಕಾಯ್ಬೇಕಾ, ಈಗ್ಲೇ ಪೇಸ್‌ಮೇಕರ್ ಹಾಕಸ್ಬೇಕಾ?

ಭೋಸರಿ_ಅಪ್ಪ (ಶನಿವಾರ, ರಾತ್ರಿ 11:40)

ಎಲ್ಲರಿಗೂ ನಮಸ್ಕಾರ್ರಿ. ನಮ್ಮೂರು ಆಳಂದ ಕಡಿ, ಈಗ ಪುಣೆ ಭೋಸರಿ ಎಂಐಡಿಸಿದಾಗ ಕೆಲಸ. ಮಗಳಿಗಿ 14 ತಿಂಗಳು. ಹುಟ್ಟಿದಾಗಿಂದ ಹೃದಯದಾಗ ತೂತು ಅದ, ವಿಎಸ್‌ಡಿ. ತೂಕ ಏರ್ತಿರಲಿಲ್ಲ, ಹಾಲು ಕುಡಿಯೂಮುಂದ ಹಣಿ ತುಂಬ ಬೆವರು. ಮುಂಬೈಗಿ ಕರ್ಕೊಂಡು ಬಂದು ಸೋಮವಾರ ಆಪರೇಶನ್ ಮಾಡ್ಸೇವಿ.

ತೂತು ಛಲೋ ಮುಚ್ಯಾದ, ಎಕೋ ಸರಿ ಅದ ಅಂದ್ರು. ಆದ್ರ ಥಿಯೇಟರ್‌ದಿಂದ ಹೊರಗ ತಂದಾಗ್ಲೇ ಎದಿ ಕೆಳಗಿಂದ ಸಣ್ಣ ಸಣ್ಣ ವೈರ್ ಹೊರಗ ಬಂದಿದ್ವು. ಅವನ್ನ ಹೃದಯ ಬಡಿಸೂ ಒಂದು ಡಬ್ಬಿಗಿ ಹಚ್ಯಾರ. ಡಬ್ಬಿ ಮ್ಯಾಲ 120 ಅಂತ ತೋರಸ್ತದ. ಅದನ್ನ ಕಮ್ಮಿ ಮಾಡಿ ನೋಡಿದ್ರ ಕೂಸಿನ ಸ್ವಂತ ಬಡಿತ 55 ಅಷ್ಟೇ. 'ಕಂಪ್ಲೀಟ್ ಹಾರ್ಟ್ ಬ್ಲಾಕ್ ಆಗ್ಯಾದ, ಹತ್ತು ದಿನ ಕಾಯೋಣ, ಬರ್ಲಿಲ್ಲಂದ್ರ ಪರ್ಮನೆಂಟ್ ಪೇಸ್‌ಮೇಕರ್' ಅಂದ್ರು. ಇವತ್ತಿಗಿ ಐದು ದಿನ.

ನಮ್ಮ ಮಾವನೋರಿಗಿ ಎರಡು ವರ್ಷದ ಹಿಂದ ಬ್ಲಾಕ್ ಆಗಿ ಸ್ಟೆಂಟ್ ಹಾಕ್ಯಾರ. ಹಾಲು ಬಿಟ್ರ ಏನೂ ತಿನ್ಲಾರದ ಕೂಸಿಗಿ ಹ್ಯಾಂಗ ಬ್ಲಾಕ್ ಆಯ್ತು ಅಂತ ಕೇಳ್ತಾರ. ನನಗ ಉತ್ತರ ಹೇಳ್ಲಿಕ್ಕಿ ಬರವಲ್ದು. ಕಾಯ್ಬೇಕಾ, ಬ್ಯಾರೆ ದವಾಖಾನಿಗಿ ಒಯ್ಬೇಕಾ? ಗೊತ್ತಿದ್ದೋರು ಹೇಳ್ರಿ. ಹೆಂಡ್ತಿ ಐಸಿಯು ಬಾಗಲ ಹತ್ರ ಕೂತಾಳ, ನಾ ಕೆಳಗ ಮೆಟ್ಟಲ ಮ್ಯಾಲ ಕೂತು ಬರೀಲಿಕತ್ತೀನಿ.

ವಾಶಿ_ಹುಡುಗ

ಬ್ಲಾಕ್ ಆಗಿದ್ರೆ ಮೊದಲು ಆಂಜಿಯೋಗ್ರಫಿ ಮಾಡಿಸಿ ಸರ್, ಎಷ್ಟು ಪರ್ಸೆಂಟ್ ಅಂತ ಗೊತ್ತಾಗುತ್ತೆ. ನಮ್ಮ ದೊಡ್ಡಪ್ಪನಿಗೂ ಹಾಗೇ ಮಾಡಿದ್ರು.

ಕುಂದಾಪುರ_ಸಿಸ್ಟರ್

ವಾಶಿಯವರೇ, ದಯವಿಟ್ಟು ಹಾಗೆ ಹೇಳ್ಬೇಡಿ, ಅವರು ಇನ್ನೂ ಹೆದರ್ತಾರೆ. ನಾನು ಮುಂಬೈಯಲ್ಲಿ ಮಕ್ಕಳ ಹೃದಯದ ಐಸಿಯುನಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಇದು ಬೇರೆಯೇ ಬ್ಲಾಕ್.

ಅಪ್ಪನವರೇ, ನಿಮ್ಮ ಮಾವನವರಿಗೆ ಆದದ್ದು ರಕ್ತನಾಳದ ಬ್ಲಾಕ್. ಕೊಬ್ಬು ಕಟ್ಟಿ ರಕ್ತ ಹೋಗುವ ದಾರಿ ಸಣ್ಣದಾಗುವುದು. ಮಗುವಿನದ್ದು ಕರೆಂಟಿನ ಬ್ಲಾಕ್. ಎರಡಕ್ಕೂ ಜನ ಒಂದೇ ಹೆಸರು ಹೇಳ್ತಾರೆ, ಅಷ್ಟೇ. ಹೃದಯದ ಮೇಲಿನ ಕೋಣೆಯಲ್ಲಿ ಎಸ್‌ಎ ನೋಡ್ ಅಂತ ಉಂಟು, ಬಡಿತ ಶುರುವಾಗುವುದು ಅಲ್ಲಿ. ಅಲ್ಲಿಂದ ಸಂಕೇತ ನಡುವಿನ ಎವಿ ನೋಡ್‌ಗೆ ಬಂದು ಒಂದು ಚೂರು ನಿಂತು, ಹಿಸ್ ಕಟ್ಟು ಎನ್ನುವ ತೆಳ್ಳಗಿನ ಎಳೆಯ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೇಲಿನಿಂದ ಕೆಳಗೆ ಹೋಗಲು ಇರುವುದು ಅದೊಂದೇ ದಾರಿ.

ಈಗ ವಿಷಯಕ್ಕೆ ಬನ್ನಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ವಿಎಸ್‌ಡಿ, ಪೆರಿಮೆಂಬ್ರೇನಸ್ ಅಂತಾರಲ್ಲ, ಅದರ ಹಿಂದಿನ ಕೆಳಗಿನ ಅಂಚಿಗೆ ತಾಗಿಕೊಂಡೇ ಆ ಎಳೆ ಹೋಗುವುದು. ಸರ್ಜನ್‌ಗೆ ಅದು ಬರಿಗಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ, ಸುತ್ತಲಿನ ಮಾಂಸದ ಹಾಗೇ ಇರ್ತದೆ. ಎಲ್ಲಿರಬೇಕು ಅಂತ ತಿಳಿದುಕೊಂಡು ಆ ಭಾಗದಲ್ಲಿ ಅಂಚಿನಿಂದ ಕೆಲವು ಮಿಲಿಮೀಟರ್ ದೂರ, ಆಳಕ್ಕೆ ಹೋಗದ ಹಾಗೆ ಹೊಲಿಗೆ ಹಾಕ್ತಾರೆ. ಆದರೂ ಎಳೆದದ್ದಕ್ಕೆ, ಊತಕ್ಕೆ, ಹತ್ತಿರದ ಹೊಲಿಗೆಗೆ ಅದು ಸುಮ್ಮನಾಗಬಹುದು. ಹೃದಯದ ಒಳಗೆ ಮಾಡುವ ಆಪರೇಶನ್‌ಗಳಲ್ಲಿ ನೂರಕ್ಕೆ 1ರಿಂದ 3 ಮಕ್ಕಳಿಗೆ ಹೀಗಾಗ್ತದೆ.

ಊತದಿಂದ ಆಗಿದ್ದರೆ ಊತ ಇಳಿದ ಮೇಲೆ ದಾರಿ ತೆರೆಯುತ್ತದೆ. ಕಾಯುವುದು ಅದಕ್ಕೇ. ತೆರೆಯುವುದಿದ್ದರೆ ಹೆಚ್ಚಿನ ಮಕ್ಕಳಲ್ಲಿ 7ರಿಂದ 10 ದಿನದ ಒಳಗೆ ತೆರೆಯುತ್ತದೆ. ಈಗ ಬೇರೆ ಕಡೆ ಕರ್ಕೊಂಡು ಹೋಗುವ ಯೋಚನೆ ಬೇಡ. ಆ ಡಬ್ಬಿಯ ಮೇಲೆ ಇರುವ ಮಗುವನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವುದೇ ದೊಡ್ಡ ಅಪಾಯ.

ಭೋಸರಿ_ಅಪ್ಪ

ಸಿಸ್ಟರ್, ನಿಮ್ಮ ಕಾಲಿಗಿ ಬೀಳ್ತೀನ್ರಿ. ಐದು ದಿನದಾಗ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇದನ್ನ ಮಾವನೋರಿಗಿ ಓದಿ ಹೇಳ್ತೀನಿ.

ಕಲ್ಯಾಣ್_ಈಸ್ಟ್

ಸಿಸ್ಟರ್ ಆಸ್ಪತ್ರೆಯವರ ಪರವಾಗಿ ಮಾತಾಡ್ತಿದ್ದಾರೆ, ಅದು ಸಹಜ. ನಾನು ಬೇರೆ ಕಡೆಯಿಂದ ನೋಡಿದವನು. ನನ್ನ ಅಕ್ಕನ ಮಗನಿಗೂ ಇದೇ ಆಗಿತ್ತು. ಆಪರೇಶನ್‌ಗೆ ಮೊದಲು ಇಂಗ್ಲಿಷ್‌ನಲ್ಲಿ ನಾಲ್ಕು ಪುಟ ಕೊಟ್ಟು ಸಹಿ ಮಾಡಿ ಅಂದರು. ಅಕ್ಕ ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡದಲ್ಲಿ. ಬ್ಲಾಕ್ ಅನ್ನುವ ಮಾತು ಅವಳ ಕಿವಿಗೆ ಬಿದ್ದದ್ದು ಆಪರೇಶನ್ ಆಗಿ ಮೂರು ದಿನದ ಮೇಲೆ. ಇದನ್ನ ಊತ ಅಂತ ಕರೆಯೋದು ಸುಲಭ. ಹೊಲಿಗೆ ಹಾಕಿದವರು ಯಾರು? ಹತ್ತು ದಿನ ಐಸಿಯು ಬಿಲ್ ಏರೋದು ಯಾರಿಗೆ ಲಾಭ? ಇವತ್ತೇ ಎಲ್ಲ ರೆಕಾರ್ಡ್ ತಗೊಂಡು ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ.

ಕುಂದಾಪುರ_ಸಿಸ್ಟರ್

ಕಲ್ಯಾಣದವರೇ, ನಿಮ್ಮ ಅಕ್ಕನಿಗೆ ಆದದ್ದು ತಪ್ಪೇ. ಅದನ್ನು ನಾನು ಸಮರ್ಥಿಸುವುದಿಲ್ಲ. ಈ ಅಪಾಯವನ್ನು ಸಹಿಗೆ ಮೊದಲು, ಅವರಿಗೆ ತಿಳಿಯುವ ಭಾಷೆಯಲ್ಲಿ, ಬಾಯಲ್ಲೇ ಹೇಳಬೇಕು. ಮುಂಬೈಯಲ್ಲಿ ಕನ್ನಡ ಬರುವ ನರ್ಸ್, ವಾರ್ಡ್‌ಬಾಯ್ ಸಿಗದ ಆಸ್ಪತ್ರೆ ಕಡಿಮೆ. ಯಾರನ್ನಾದರೂ ಕರೆಸಿ ಹೇಳಿಸಬಹುದಿತ್ತು.

ಆದರೆ ಕಾಯುವುದು ಬಿಲ್ಲಿಗಾಗಿ ಅನ್ನುವುದು ಸರಿಯಲ್ಲ. ಮೂರನೇ ದಿನವೇ ಪರ್ಮನೆಂಟ್ ಹಾಕಿಬಿಟ್ಟರು ಅಂತ ಇಟ್ಟುಕೊಳ್ಳಿ. ಎಂಟನೇ ದಿನ ಮಗುವಿನ ಸ್ವಂತ ದಾರಿ ತೆರೆದರೆ? ಇಷ್ಟು ಸಣ್ಣ ಮಗುವಿಗೆ ಹೊಟ್ಟೆಯಲ್ಲಿ ಬೇಡದ ಪೆಟ್ಟಿಗೆ, ಹೃದಯದ ಮೇಲೆ ಬೇಡದ ವೈರ್, ಕೆಲವು ವರ್ಷಕ್ಕೊಮ್ಮೆ ಬೇಡದ ಆಪರೇಶನ್.

ಇನ್ನೊಂದು ತುದಿಯೂ ಉಂಟು. ಸುಮ್ಮನೆ ತಿಂಗಳುಗಟ್ಟಲೆ ಕಾಯಲಿಕ್ಕೂ ಆಗುವುದಿಲ್ಲ. ಹೊರಗೆ ಬಂದಿರುವ ಆ ವೈರ್‌ಗಳು ತಾತ್ಕಾಲಿಕ. ದಿನ ಕಳೆದ ಹಾಗೆ ವೈರ್ ಮುಟ್ಟಿದ ಜಾಗದಲ್ಲಿ ಊತ, ಗಾಯದ ಅಂಗಾಂಶ ಬೆಳೆದು ಹೃದಯವನ್ನು ಬಡಿಸಲು ಹೆಚ್ಚು ಹೆಚ್ಚು ಕರೆಂಟ್ ಬೇಕಾಗ್ತದೆ. ದಿನಾ ನಾವು ಅದನ್ನು ಅಳೆಯುವುದು ಅದಕ್ಕೇ, ಥ್ರೆಶೋಲ್ಡ್ ಅಂತ. ಎಷ್ಟಕ್ಕೆ ಬಡಿತ ಸಿಗ್ತದೋ ಅದರ ಎರಡರಷ್ಟು ಇಟ್ಟಿರ್ತೇವೆ. ಸೋಂಕಿನ ಭಯವೂ ಉಂಟು.

ಪಿಂಪಳೆ_ಟೆಕ್ಕಿ

ಸ್ಟೆರಾಯ್ಡ್ ಕೊಟ್ರೆ ಊತ ಬೇಗ ಇಳಿಯಲ್ವಾ ಸಿಸ್ಟರ್? ಎಲ್ಲೋ ಓದಿದ್ದೆ.

ಕುಂದಾಪುರ_ಸಿಸ್ಟರ್

ಕೆಲವು ಕಡೆ ಕೊಡ್ತಾರೆ. ಕೊಟ್ಟದ್ದರಿಂದಲೇ ಬಂತು ಅಂತ ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ. ಅದು ಅವರ ಡಾಕ್ಟರ್ ನಿರ್ಧಾರ, ನೀವು ಒತ್ತಾಯ ಮಾಡ್ಬೇಡಿ.

ವಾಸ್ಕೋ_ಅಕ್ಕ

ತಮ್ಮಾ, ನಾವು ಹುಬ್ಬಳ್ಳಿಯವರು, ಇಪ್ಪತ್ತು ವರ್ಷ ಆತು ಗೋವಾದಾಗ ಅದೀವಿ. ನನ್ನ ಮಗಾ ನೀಲಿ ಕೂಸು ಆಗಿದ್ದ, ಟೆಟ್ರಾಲಜಿ ಅನ್ನೂ ಹುಟ್ಟಾ ಹೃದಯದ ತೊಂದ್ರಿ. ಮಡಗಾಂವದಿಂದ ಕೊಂಕಣ ಕನ್ಯಾ ಹಿಡದು ಮುಂಬೈಗೆ ಒಯ್ದು ಆಪರೇಶನ್ ಮಾಡಿಸಿದ್ವಿ. ನಿಮಗ ಬಡಿತ ಕಮ್ಮಿ ಆಗೈತಿ, ನಮಗ ಉಲ್ಟಾ ಆಗಿತ್ತು. ಆಪರೇಶನ್ ಆದ ರಾತ್ರಿನ 210 ಓಡಾಕ ಹತ್ತಿತ್ತು. ಜೆಟ್ ಅಂದ್ರು. ವಿಮಾನದ ಹೆಸರಾ ಅಂತ ನಮ್ಮ ಯಜಮಾನ್ರು ಕೇಳಿದ್ರು ಪಾಪ, ಅವರಿಗೂ ಏನೂ ತಿಳೀಲಿಲ್ಲ.

ಬೆಳಿಗ್ಗೆ ಒಳಗ ಬಿಟ್ರು. ಮಗನ ಕೈ ಮುಟ್ಟೀನಿ, ತಣ್ಣಗ ಮಂಜಿನಗತೆ. ಮೈಮ್ಯಾಲ ಒಂದು ಅರಿವಿ ಇಲ್ಲ, ಬದಿಗೆ ತಣ್ಣೀರಿನ ಪ್ಯಾಡು. ನಾ ಅಳಕೋತ ನನ್ನ ಶಾಲು ತಗದು ಹೊಚ್ಚಾಕ ಹೋದೆ. ಒಬ್ಬ ಹುಡುಗಿ ನರ್ಸು ಓಡಿ ಬಂದು ಕೈ ಹಿಡದ್ಲು. 'ಆಂಟಿ, ಬೆಚ್ಚಗ ಮಾಡಿದ್ರ ಇನ್ನೂ ಓಡತೈತಿ, ನಾವs ತಣ್ಣಗ ಮಾಡೇವಿ' ಅಂದ್ಲು. ಆ ಹುಡುಗಿ ಮ್ಯಾಲ ಆಗ ಸಿಟ್ಟು ಬಂದಿತ್ತು. ಮೂರನೇ ದಿನ ತಾನs ಇಳೀತು. ಈಗ ಮಗಾ ಏಳನೇತ್ತೆ.

ಕುಂದಾಪುರ_ಸಿಸ್ಟರ್

ಅಕ್ಕಾ, ಆ ಹುಡುಗಿ ಸರಿಯಾಗೇ ಮಾಡಿದ್ದಾಳೆ. ಹಿಸ್ ಕಟ್ಟಿನ ಹತ್ತಿರದ ಜಾಗ ಕೆರಳಿ, ಎಸ್‌ಎ ನೋಡ್‌ನ ಮಾತು ಕೇಳದೆ ತಾನೇ ಜೋರಾಗಿ ಬಡಿಸುವುದು ಜೆಟ್. ಜಂಕ್ಷನಲ್ ಎಕ್ಟೋಪಿಕ್ ಟ್ಯಾಕಿಕಾರ್ಡಿಯಾ ಅಂತ ಪೂರ್ತಿ ಹೆಸರು. ಹೆಚ್ಚಾಗಿ ಮೊದಲ ಎರಡು ಮೂರು ದಿನದಲ್ಲೇ. ಜ್ವರ ಬಂದರೆ ಕೆಡ್ತದೆ, ಅದಕ್ಕೆ ಮೈಯನ್ನು 34-35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸ್ತೇವೆ. ನಿದ್ದೆ ಮಾಡಿಸಿ, ಹೃದಯವನ್ನು ಕೆರಳಿಸುವ ಔಷಧಿಗಳನ್ನು ಆದಷ್ಟು ಕಮ್ಮಿ ಮಾಡಿ, ಮೆಗ್ನೀಸಿಯಂ ಸರಿಯಾಗಿ ಇಟ್ಟು, ಬೇಕಾದರೆ ಬಡಿತ ಇಳಿಸುವ ಅಮಿಯೋಡರೋನ್ ಔಷಧಿ. ಅಲ್ಲೂ ಆ ವೈರ್‌ಗಳೇ ಉಪಯೋಗಕ್ಕೆ ಬರುವುದು. ಬಡಿತ ಸ್ವಲ್ಪ ಇಳಿದ ಮೇಲೆ ಮೇಲಿನ ಕೋಣೆಯನ್ನು ಅದಕ್ಕಿಂತ ತುಸು ಜೋರಾಗಿ ಬಡಿಸಿದರೆ ಮೇಲೆ-ಕೆಳಗೆ ಮತ್ತೆ ತಾಳ ಕೂಡ್ತದೆ, ಬಿಪಿ ಏರ್ತದೆ.

ವಾಸ್ಕೋ_ಅಕ್ಕ

ಹೌದು, ಎರಡು ವೈರು ಬಲಕ್ಕ, ಎರಡು ಎಡಕ್ಕ ಇದ್ವು ನಮ್ಮ ಹುಡುಗಗ. ಕೈಗವಸಿನ ಬೆರಳು ಕತ್ತರಿಸಿ ಅದರಾಗ ತುದಿ ಸುತ್ತಿ ಇಟ್ಟಿದ್ರು.

ಕುಂದಾಪುರ_ಸಿಸ್ಟರ್

ಬಲಕ್ಕೆ ಮೇಲಿನ ಕೋಣೆಯದ್ದು, ಎಡಕ್ಕೆ ಕೆಳಗಿನ ಕೋಣೆಯದ್ದು, ಸಾಮಾನ್ಯ ರೂಢಿ ಅದು. ಉಪಯೋಗಿಸದ ತುದಿ ಬರಿದಾಗಿ ಬಿಡಬಾರದು, ಹೊರಗಿನ ಸಣ್ಣ ಕರೆಂಟ್ ಕೂಡ ನೇರ ಹೃದಯಕ್ಕೆ ಹೋಗ್ತದೆ. ಬೆರಳು ಕತ್ತರಿಸಿದ್ದು ಅದಕ್ಕೆ.

ಮಾಟುಂಗಾ_ಮಾಮ

ನಾನು ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್, ವೈದ್ಯನಲ್ಲ. ಆದರೆ ಆ ಡಬ್ಬಿಯ ಕಥೆ ಗೊತ್ತಿದ್ದರೆ ಭೋಸರಿಯ ತಂದೆಗೆ ಧೈರ್ಯ ಬಂದೀತು ಎಂದು ಬರೆಯುತ್ತಿದ್ದೇನೆ.

1954ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲ್ಲೆಹೈ ಮಕ್ಕಳ ವಿಎಸ್‌ಡಿಯನ್ನು ಹೃದಯ ತೆರೆದು ಮುಚ್ಚಲು ಶುರು ಮಾಡಿದರು. ಆಗಲೂ ಇದೇ ಬ್ಲಾಕ್ ಕಾಡಿತು. ಅಂಥ ಮಕ್ಕಳಲ್ಲಿ ಬಹುಪಾಲು ಉಳಿಯುತ್ತಿರಲಿಲ್ಲ. 1957ರ ಜನವರಿಯಲ್ಲಿ ಅವರು ಹೃದಯದ ಮಾಂಸಕ್ಕೇ ತಂತಿ ಹೊಲಿದು, ಹೊರಗಿನ ಯಂತ್ರದಿಂದ ಬಡಿಸುವ ಕ್ರಮ ಆರಂಭಿಸಿದರು. ನಿಮ್ಮ ಮಗಳ ಎದೆಯಲ್ಲಿರುವುದು ಆ ತಂತಿಯ ವಂಶವೇ. ಆದರೆ ಆ ಯಂತ್ರ ಗೋಡೆಯ ಪ್ಲಗ್‌ಗೆ ಅಂಟಿಕೊಂಡಿರಬೇಕಿತ್ತು. ಅದೇ ವರ್ಷ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಲಿಲ್ಲೆಹೈ ಅವರು ಅರ್ಲ್ ಬಕ್ಕನ್ ಎಂಬ ಇಂಜಿನಿಯರ್‌ನನ್ನು ಬೇರೆ ದಾರಿ ಹುಡುಕಲು ಕೇಳಿದರು. ಆತ ಮೆಟ್ರೊನೋಮ್, ಅಂದರೆ ಸಂಗೀತಗಾರರು ತಾಳಕ್ಕೆ ಇಟ್ಟುಕೊಳ್ಳುವ ಟಿಕ್‌ಟಿಕ್ ಯಂತ್ರ, ಅದರ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಆಧರಿಸಿ ಕೆಲವೇ ವಾರಗಳಲ್ಲಿ ಬ್ಯಾಟರಿ ಪೆಟ್ಟಿಗೆ ಮಾಡಿಕೊಟ್ಟ. ಮಗು ಅದನ್ನು ಕಟ್ಟಿಕೊಂಡು ಓಡಾಡಬಹುದಿತ್ತು. ಮರುವರ್ಷ, 1958ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಮೊದಲ ಬಾರಿಗೆ ಪೇಸ್‌ಮೇಕರ್ ದೇಹದ ಒಳಗೇ ಹೋಯಿತು. ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಬದುಕಿದ್ದು 2001ರವರೆಗೆ, 86 ವರ್ಷ.

ಹೃದಯದೊಳಗಿನ ಆ ಎಳೆಯನ್ನು ವಿಲ್‌ಹೆಲ್ಮ್ ಹಿಸ್ ವಿವರಿಸಿದ್ದು 1893ರಲ್ಲಿ, ಎವಿ ನೋಡ್ ಅನ್ನು ಜಪಾನಿನ ಸುನಾವೊ ತವಾರ 1906ರಲ್ಲಿ. ಅಂದಿನಿಂದ ಇಂದಿನವರೆಗೆ ಎಷ್ಟೊಂದು ಕೈಗಳು ನಿಮ್ಮ ಮಗಳ ಬೆನ್ನಿಗಿವೆ ನೋಡಿ.

ವಾಶಿ_ಹುಡುಗ

ಮಾಮ, ಇದು ಗೊತ್ತೇ ಇರಲಿಲ್ಲ. ನಾನು ಮೊದಲು ಬರೆದದ್ದಕ್ಕೆ ಕ್ಷಮಿಸಿ ಅಪ್ಪನವರೇ.

ಕಲ್ಯಾಣ್_ಈಸ್ಟ್

ಇತಿಹಾಸ ಚೆನ್ನಾಗಿದೆ. ಆದರೆ ಪೇಸ್‌ಮೇಕರ್‌ಗೆ ದುಡ್ಡು ಯಾರು ಕೊಡ್ತಾರೆ? ಮಹಾರಾಷ್ಟ್ರದ ರೇಶನ್ ಕಾರ್ಡ್ ಇಲ್ಲದಿದ್ದರೆ ಕೌಂಟರ್‌ನಿಂದ ಕೌಂಟರ್‌ಗೆ ತಿರುಗಿಸ್ತಾರೆ. ನಾವು ಇಲ್ಲಿ ಹುಟ್ಟಿ ಬೆಳೆದರೂ ಕಾರ್ಡ್ ಊರಲ್ಲೇ ಇರುತ್ತೆ.

ಡೊಂಬಿವ್ಲಿ_ತಾಯಿ

ಆಯುಷ್ಮಾನ್ ಕಾರ್ಡ್ ಇದ್ದರೆ ರಾಜ್ಯ ಅಡ್ಡ ಬರೋದಿಲ್ಲ, ಕರ್ನಾಟಕದ ಕಾರ್ಡ್ ಮುಂಬೈಯಲ್ಲೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುತ್ತೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಕೂತಿರ್ತಾರೆ, ಅವರ ಹತ್ರ ಈಗಲೇ ಮಾತಾಡಿ, ಹತ್ತನೇ ದಿನದವರೆಗೆ ಕಾಯಬೇಡಿ. ಮಂಜೂರಿಗೆ ದಿನ ಹಿಡಿಯುತ್ತೆ. ಖಾರ್ಘರ್‌ನ ಸತ್ಯಸಾಯಿ ಸಂಜೀವನಿಯಲ್ಲಿ ಮಕ್ಕಳ ಹೃದಯದ ಆಪರೇಶನ್ ಉಚಿತ, ಮುಂದೆ ಯಾರಿಗಾದರೂ ಬೇಕಾದರೆ ಇರಲಿ ಅಂತ ಹೇಳಿದೆ.

ಈಗ ನನ್ನ ಮಾತು. ನನ್ನ ಮಗನಿಗೆ ಒಂಬತ್ತು ವರ್ಷದಿಂದ ಪೇಸ್‌ಮೇಕರ್ ಇದೆ. ಹಾಕಿದಾಗ ಎರಡು ವರ್ಷ, 9 ಕಿಲೋ. ಈಗ ಹನ್ನೊಂದು. ನಾನೂ ಹನ್ನೊಂದು ದಿನ ಆ ಡಬ್ಬಿಯ ಕೆಂಪು ದೀಪ ನೋಡ್ತಾ ಕೂತವಳು. ಒಂದೊಂದು ಮಿಣುಕಿಗೂ ಉಸಿರು ಬಿಡ್ತಿದ್ದೆ. ಹತ್ತನೇ ದಿನ ಡಾಕ್ಟರ್ 'ಬರಲಿಲ್ಲ' ಅಂದಾಗ ನಾನು ಸೋತೆ ಅನ್ನಿಸಿತು. ಅದು ಸುಳ್ಳು. ಹದಿನೈದನೇ ದಿನ ಮನೆಗೆ ಬಂದ, ಒಂದು ತಿಂಗಳಲ್ಲಿ ಒಂದು ಕಿಲೋ ಏರಿದ.

ಸಣ್ಣ ಮಕ್ಕಳಿಗೆ ದೊಡ್ಡವರ ಹಾಗೆ ಭುಜದ ಕೆಳಗೆ ಹಾಕಲ್ಲ. ರಕ್ತನಾಳ ಸಣ್ಣದಿರುತ್ತೆ. ವೈರನ್ನು ಹೃದಯದ ಹೊರಮೈಗೆ ಹೊಲಿದು, ಪೆಟ್ಟಿಗೆ ಹೊಟ್ಟೆಯ ಸ್ನಾಯುವಿನ ಕೆಳಗೆ ಇಡ್ತಾರೆ. ಮಗು ಬೆಳೀತದೆ ಅಂತ ವೈರನ್ನು ಒಳಗೆ ಸುರುಳಿ ಸುತ್ತಿ ಉದ್ದ ಬಿಟ್ಟಿರ್ತಾರೆ. ನಮ್ಮದು ಆರು ವರ್ಷಕ್ಕೆ ಬ್ಯಾಟರಿ ಮುಗೀತು. ಪೆಟ್ಟಿಗೆ ಮಾತ್ರ ಬದಲಾಯಿಸಿದ್ರು, ಮೂರು ದಿನದಲ್ಲಿ ಮನೆ. ಆರು ತಿಂಗಳಿಗೊಮ್ಮೆ ಚೆಕಪ್. ವೈರ್ ಮುರಿಯೋ ಸಾಧ್ಯತೆ ಇರುತ್ತೆ, ಅದಕ್ಕೇ ಚೆಕಪ್ ತಪ್ಪಿಸಬಾರದು. ಟೆನಿಸ್ ಬಾಲ್ ಕ್ರಿಕೆಟ್ ಆಡ್ತಾನೆ, ಈಜ್ತಾನೆ. ಕಬಡ್ಡಿ ಬೇಡ ಅಂದಿದ್ದಾರೆ. ಅವನಿಗೆ ಅದೊಂದು ಬೇಜಾರು.

ಯಾರಾದರೂ 'ಪಾಪ' ಅಂದ್ರೆ ನನಗೆ ಸಿಟ್ಟು ಬರುತ್ತೆ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ.

ಪಿಂಪಳೆ_ಟೆಕ್ಕಿ

ಮನೆಯಲ್ಲಿ ವೈಫೈ, ಮೊಬೈಲ್, ಇಂಡಕ್ಷನ್ ಎಲ್ಲ ತೆಗೆಯಬೇಕಾಗುತ್ತಲ್ವಾ? ಪೇಸ್‌ಮೇಕರ್ ನಿಂತೇ ಹೋಗುತ್ತೆ ಅಂತಾರೆ.

ಡೊಂಬಿವ್ಲಿ_ತಾಯಿ

ಯಾರು ಅಂತಾರೆ? ನಮ್ಮನೇಲಿ ಎಲ್ಲವೂ ಇದೆ. ಮೊಬೈಲ್ ಪೆಟ್ಟಿಗೆಯಿಂದ 15 ಸೆಂಟಿಮೀಟರ್ ದೂರ, ಅಂದರೆ ಅರ್ಧ ಅಡಿ. ಹೊಟ್ಟೆ ಮೇಲೆ ಫೋನ್ ಇಟ್ಕೊಂಡು ಮಲಗಬಾರದು ಅಷ್ಟೇ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಏರ್‌ಪೋರ್ಟ್‌ನಲ್ಲಿ ಕಾರ್ಡ್ ತೋರಿಸ್ತೀವಿ, ಬಾಗಿಲ ಯಂತ್ರದಲ್ಲಿ ನಿಲ್ಲದೆ ದಾಟ್ತಾನೆ. ಎಂಆರ್‌ಐ ಮಾತ್ರ ಕೇಳದೆ ಮಾಡಿಸೋ ಹಾಗಿಲ್ಲ. ಹೃದಯದ ಹೊರಮೈಗೆ ಹೊಲಿದ ವೈರ್‌ಗಳಿಗೆ ಅದು ಸಾಮಾನ್ಯವಾಗಿ ಆಗಿಬರಲ್ಲ.

ಮಾಟುಂಗಾ_ಮಾಮ

ಭೋಸರಿಯವರೇ, ಊಟಕ್ಕೇನು ಮಾಡುತ್ತಿದ್ದೀರಿ? ಆಸ್ಪತ್ರೆ ಪರೇಲ್ ಕಡೆಯಾದರೆ ದಾದರ್ ದಾಟಿದರೆ ಮಾಟುಂಗಾ, ನಮ್ಮವರ ಊಟದ ಮನೆಗಳಿವೆ. ನಾಳೆಯಿಂದ ನಮ್ಮ ಮನೆಯಿಂದ ಎರಡು ಡಬ್ಬ ಕಳಿಸುತ್ತೇನೆ. ಮೆಸೇಜ್‌ನಲ್ಲಿ ವಿಳಾಸ ಕೊಡಿ. ಜೋಳದ ರೊಟ್ಟಿ ನಮಗೆ ಬರುವುದಿಲ್ಲ, ಚಪಾತಿ ಆದೀತೇ?

ಭೋಸರಿ_ಅಪ್ಪ

ಮಾಮಾ, ಏನು ಹೇಳ್ಲಿ ನಿಮಗ. ಚಪಾತಿ ಭಾಳಾಯ್ತ್ರಿ. ನಾವು ವಡಾಪಾವ್ ಮ್ಯಾಲೇ ಅದೀವಿ.

ಭೋಸರಿ_ಅಪ್ಪ (ಮಂಗಳವಾರ, ಮಧ್ಯಾಹ್ನ)

ಎಂಟನೇ ದಿನ. ಮುಂಜಾನಿ ಡಬ್ಬಿ ಕಮ್ಮಿ ಮಾಡಿ ನೋಡ್ಯಾರ. ಒಂದು ಹತ್ತು ನಿಮಿಷ ಸ್ವಂತ ಬಡಿತ 90ಕ್ಕ ಬಂದಿತ್ತಂತ! ಮತ್ತ ಬಿದ್ದಾದ. ಹೆಂಡ್ತಿ ಅಳ್ಳಿಕತ್ತಾಳ, ನಗ್ಲಿಕತ್ತಾಳ. ಇದು ಛಲೋ ಸುದ್ದಿಯಾ ಸಿಸ್ಟರ್?

ಕುಂದಾಪುರ_ಸಿಸ್ಟರ್

ಆಸೆ ಇಟ್ಟುಕೊಳ್ಳಿ, ಆದರೆ ಗಟ್ಟಿ ಮಾಡಿಕೊಳ್ಳಬೇಡಿ. ಬಂದು ಹೋಗುವ ದಾರಿಯನ್ನು ನಂಬಿ ಮಗುವನ್ನು ಮನೆಗೆ ಕಳಿಸುವ ಹಾಗಿಲ್ಲ. ಇನ್ನೆರಡು ದಿನದಲ್ಲಿ ಬಂದು ನಿಂತರೆ ನಿಂತಿತು. ಪೂರ್ತಿ ಸರಿಯಾದ ಮಕ್ಕಳಿಗೂ ನಾವು ಹೇಳುವುದು ಒಂದೇ: ವರ್ಷ ವರ್ಷ ಇಸಿಜಿ, ಡಾಕ್ಟರ್ ಹೇಳಿದಾಗ 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿ ದಿನವಿಡೀ ಬಡಿತ ದಾಖಲಿಸುವ ಸಣ್ಣ ಯಂತ್ರ. ಒಮ್ಮೆ ಬ್ಲಾಕ್ ಆಗಿ ಸರಿಹೋದವರಲ್ಲಿ ಕೆಲವರಿಗೆ ವರ್ಷಗಳ ನಂತರ ಮತ್ತೆ ಬರುವುದುಂಟು. ಶಾಲೆಯಲ್ಲಿ ತಲೆತಿರುಗಿ ಬಿದ್ದಳು ಅಂದರೆ ಬಿಸಿಲಿಗೆ ಅಂತ ಬಿಡಬಾರದು.

ಕಲ್ಯಾಣ್_ಈಸ್ಟ್

ನನ್ನ ಅಕ್ಕನಿಗೆ ಈ ಕೊನೆಯ ಮಾತನ್ನ ಯಾರೂ ಹೇಳಿಲ್ಲ. ಅವಳ ಮಗನಿಗೆ ಆರನೇ ದಿನ ಸರಿಹೋಗಿತ್ತು, ಆಮೇಲೆ ಇಸಿಜಿ ತೆಗೆಸಿ ನಾಲ್ಕು ವರ್ಷ ಆಗಿದೆ. ಈ ವಾರವೇ ಕರ್ಕೊಂಡು ಹೋಗ್ತೀನಿ. ಥ್ಯಾಂಕ್ಸ್ ಸಿಸ್ಟರ್.

ಭೋಸರಿ_ಅಪ್ಪ (ಗುರುವಾರ, ರಾತ್ರಿ)

ಬರ್ಲಿಲ್ರಿ. ನಾಳೆ ಮುಂಜಾನಿ ಎಂಟಕ್ಕ ಪೇಸ್‌ಮೇಕರ್. ಈ ಸಲ ಸಹಿ ಮಾಡೂದಕ್ಕಿಂತ ಮೊದಲ ಕೇಳೀನಿ, ಎಲ್ಲಿ ಇಡ್ತೀರಿ, ವೈರ್ ಯಾವ ಕೋಣಿಗಿ, ಬ್ಯಾಟರಿ ಎಷ್ಟು ವರ್ಷ ಅಂತ. ಎಡಗಡಿ ಕೆಳಗಿನ ಕೋಣಿ ತುದಿಗಿ ಹಚ್ತಾರಂತ, ಮುಂದ ಹೃದಯ ಸೋಲೂದು ಕಮ್ಮಿ ಅಂದ್ರು. ಡಾಕ್ಟರ್ ಕುರ್ಚಿ ಎಳಕೊಂಡು ಕೂತು ಚಿತ್ರ ಬರ್ದು ತೋರಿಸ್ಯಾರ. ಮಾವನೋರೂ ಸಂಗಡ ಇದ್ರು. ಕಾರ್ಡ್ ಮಂಜೂರಾಗ್ಯಾದ.

ವಾಸ್ಕೋ_ಅಕ್ಕ

ಸಿದ್ಧಾರೂಢ ಅಜ್ಜಗ ಒಂದು ಕಾಯಿ ಹೇಳ್ಕೊಂಡೀನಿ ತಮ್ಮಾ. ನಾಳೆ ಸುದ್ದಿ ಹಾಕು.

ಡೊಂಬಿವ್ಲಿ_ತಾಯಿ

ಸರಿಯಾದ ಪ್ರಶ್ನೆ ಕೇಳಿದ್ದೀರಿ. ಮನೆಗೆ ಬಂದ ಮೇಲೆ ಆರು ವಾರ ರಟ್ಟೆ ಹಿಡಿದು, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ತಲೆ-ಬೆನ್ನಿಗೆ ಒಂದು ಕೈ, ಕುಂಡಿಗೆ ಒಂದು ಕೈ. ಎದೆ ಮೂಳೆ ಕೂಡಬೇಕು. ಅಜ್ಜಿಯರಿಗೆ ಮೊದಲೇ ಹೇಳಿಡಿ.

ಭೋಸರಿ_ಅಪ್ಪ (ಮೂರು ವಾರದ ಮ್ಯಾಲ)

ಎಲ್ಲರಿಗೂ ಶರಣು. ಭೋಸರಿಗಿ ಬಂದು ಹನ್ನೆರಡು ದಿನ ಆಯ್ತು. ಗಾಯ ಒಣಗ್ಯಾವ, ಹಾಲು ಕುಡದ್ರ ಬೆವರು ಬರಂಗಿಲ್ಲ ಈಗ. ಒಂದು ಕೇಳ್ಬೇಕಾಗಿತ್ತು. ನಮ್ಮವ್ವ ಆಳಂದದಿಂದ ಬಂದಾಳ, ಮೊಮ್ಮಗಳಿಗಿ ಬೆಳ್ಳಿ ಉಡದಾರ ಮಾಡಿಸ್ಕೊಂಡು. ಡಬ್ಬಿ ಇರೂದು ಹೊಕ್ಕಳ ಎಡಕ್ಕ. ಉಡದಾರ ಸೀದಾ ಅದರ ಮ್ಯಾಲೇ ಬರ್ತದ. ಕಟ್ಟಬಹುದಾ? ಬ್ಯಾಡಂದ್ರ ಅವ್ವಗ ಭಾಳ ನೋವಾಗ್ತದ.

ಡೊಂಬಿವ್ಲಿ_ತಾಯಿ

ಬೇಡ. ಬೆಳ್ಳಿಯಿಂದ ಪೇಸ್‌ಮೇಕರ್‌ಗೆ ಏನೂ ಆಗಲ್ಲ, ಆದರೆ ಚರ್ಮ ತೆಳ್ಳಗಿರುತ್ತೆ, ದಿನಾ ಉಜ್ಜಿ ಉಜ್ಜಿ ಹುಣ್ಣಾದರೆ ಸೋಂಕು ಪೆಟ್ಟಿಗೆವರೆಗೆ ಹೋಗುತ್ತೆ. ಬಿಗಿ ಎಲಾಸ್ಟಿಕ್ ಚಡ್ಡಿನೂ ಬೇಡ, ಫ್ರಾಕ್ ಹಾಕಿ. ನಮ್ಮತ್ತೆ ತಂದಿದ್ದನ್ನ ಬಿಚ್ಚಿಸಿ ಎರಡು ಕಾಲ್ಗಡಗ ಮಾಡಿಸಿದ್ವಿ.

ಭೋಸರಿ_ಅಪ್ಪ

ಅವ್ವಗ ತೋರಿಸೇನ್ರಿ ನೀವು ಬರ್ದದ್ದು. ನಾಳೆ ಅಕ್ಕಸಾಲಿಗೇರ ಕಡಿ ಹೋಗ್ತೀವಿ ಅಂದಾಳ. ಗೆಜ್ಜಿ ಬೇಕಂತ ಅಕಿಗಿ, ಮೊಮ್ಮಗಳು ಎಲ್ಲಿ ಓಡ್ಯಾಳ ಅಂತ ಗೊತ್ತಾಗ್ಲಿ ಅಂತಾಳ.